ಹೊರದೇಶದ ಸುವಾರ್ತಾ ಪ್ರವಾಸದಲ್ಲಿ ಕೊಡುವುದು ಹೇಗೆ, ಸಾಕ್ಷಿ ಹೇಳುವುದು ಹೇಗೆ?

ಪ್ರಶ್ನೆ: ಎಣ್ಣೆದೀಪ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ನಮ್ಮ ಸಭೆಯ ಒಂದು ಚಿಕ್ಕ ತಂಡ ಎರಡು ವಾರಗಳ ಸುವಾರ್ತಾ ಪ್ರವಾಸಕ್ಕೆಂದು ಹೊರದೇಶದ ಒಂದು ಗುಡ್ಡಗಾಡು ಪ್ರದೇಶಕ್ಕೆ ಹೊರಟಿದ್ದು, ಆ ತಂಡದಲ್ಲಿ ನಾನೂ ಇದ್ದೇನೆ. ಅಲ್ಲಿನ ಸಣ್ಣದೊಂದು ಸಭೆಯೇ ನಮ್ಮನ್ನು ಕರೆದಿದೆ. ಹಗಲು ಶಾಲೆಯ ದುರಸ್ತಿ ಕೆಲಸ, ಸಂಜೆ ಮನೆಗಳ ಭೇಟಿ ಮತ್ತು ಪ್ರಾರ್ಥನಾ ಕೂಟ ಎಂದು ಕಾರ್ಯಕ್ರಮ ನಿಗದಿಯಾಗಿದೆ.

ಪ್ರಯಾಣದ ಖರ್ಚಿನ ಹೊರತಾಗಿ ನಾನು ಬೇರೊಂದು ಮೊತ್ತವನ್ನು ಎತ್ತಿಟ್ಟಿದ್ದೇನೆ. ಅದು ನನ್ನಲ್ಲಿ ಮಿಕ್ಕ ಹಣವಲ್ಲ; ನನಗೇ ಅಗತ್ಯವಿದ್ದ ಒಂದು ಖರ್ಚನ್ನು ಮುಂದಕ್ಕೆ ಹಾಕಿ ಉಳಿಸಿದ ಹಣ. ಕಷ್ಟದಲ್ಲಿರುವ ಯಾರಿಗಾದರೂ ಅದನ್ನು ನನ್ನ ಕೈಯಾರೆ ಕೊಡಬೇಕು, ಕೊಡುವಾಗ ನನ್ನ ರಕ್ಷಕನ ವಿಷಯವನ್ನೂ ಹೇಳಬೇಕು ಎಂಬುದು ನನ್ನ ಮನಸ್ಸಿನಲ್ಲಿತ್ತು. ಆದರೆ ಅಲ್ಲಿನ ಪಾಸ್ಟರ್ ಅವರು ನಮ್ಮ ನಾಯಕರಿಗೆ ಬರೆದ ಪತ್ರದಲ್ಲಿ ಎರಡು ಮಾತುಗಳನ್ನು ಖಂಡಿತವಾಗಿ ತಿಳಿಸಿದ್ದಾರೆ: ತಂಡದವರು ಯಾರ ಕೈಗೂ ನೇರವಾಗಿ ಹಣ ಕೊಡಬಾರದು, ವಾಕ್ಯ ಹೇಳುವ ಕೂಟದಲ್ಲಿ ಯಾವ ವಸ್ತುವನ್ನೂ ಹಂಚಬಾರದು.

ಇದನ್ನು ಓದಿದ ಮೇಲೆ ನಮ್ಮ ತಂಡದಲ್ಲಿಯೇ ಎರಡು ಅಭಿಪ್ರಾಯಗಳಾಗಿವೆ. ಕೈಬಿಚ್ಚಿ ಕೊಡದ ಪ್ರೀತಿ ಬರೀ ಬಾಯಿಮಾತು ಎಂದು ಕೆಲವರು ಹೇಳುತ್ತಾರೆ. ಕೊಟ್ಟು ಹೇಳಿದರೆ ಅದು ಆಮಿಷವಾಗುತ್ತದೆ ಎಂದು ಉಳಿದವರು ಹೇಳುತ್ತಾರೆ. ಇವೆರಡರ ನಡುವೆ, ನಾವೆಲ್ಲರೂ ಮನೆಯಲ್ಲಿಯೇ ಉಳಿದು ವಿಮಾನದ ಟಿಕೆಟಿನ ಹಣವನ್ನೇ ಅಲ್ಲಿಗೆ ಕಳುಹಿಸುವುದು ಮೇಲು ಎನ್ನುವವರೂ ಒಬ್ಬರಿದ್ದಾರೆ. ಇಂಥ ಸೇವೆಯನ್ನು ಹತ್ತಿರದಿಂದ ಕಂಡವರು ನಿಮ್ಮ ವಿವೇಚನೆಯನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಹಾದಿ

ಎಣ್ಣೆದೀಪ ಅವರೇ, ಪಾಸ್ಟರ್ ಅವರ ಆ ಎರಡು ಮಾತುಗಳನ್ನು ನಿಮ್ಮ ಔದಾರ್ಯಕ್ಕೆ ಹಾಕಿದ ಬೇಲಿ ಎಂದು ತಿಳಿಯಬೇಡಿ. ನೀವು ವಿಮಾನ ಹತ್ತಿದ ಮೇಲೆಯೂ ಅದೇ ಊರಿನಲ್ಲಿ, ಅದೇ ನೆರೆಹೊರೆಯವರ ಕಣ್ಣೆದುರಿನಲ್ಲಿ ಬಾಳಬೇಕಾದ ಮನುಷ್ಯ ಅವರು. ಹಾಗೆ ಬರೆಯುವುದಕ್ಕೆ ಅವರಿಗೆ ಕಾರಣವಿದ್ದೇ ಇರುತ್ತದೆ.

ತ್ಯಾಗದಿಂದ ಕೊಡುವ ವಿಷಯ ಬಂದಾಗಲೆಲ್ಲ ನಮ್ಮ ಪ್ರಸಂಗಗಳಲ್ಲಿ ಮಕೆದೋನ್ಯದ ಸಭೆಗಳನ್ನು ನೆನೆಯುತ್ತೇವೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ, ಕಡುಬಡತನದಲ್ಲಿದ್ದ ಆ ಜನರು ತಮ್ಮ ಶಕ್ತಿಗೆ ಮೀರಿ ಕೊಟ್ಟರು, ಕೊಡುವ ಅವಕಾಶಕ್ಕಾಗಿ ತಾವೇ ಬೇಡಿಕೊಂಡರು ಎಂದು ಪೌಲನು ಬರೆಯುತ್ತಾನೆ. ಅದೇ ಅಧ್ಯಾಯದ ಉತ್ತರಾರ್ಧವನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ. ಆ ಕಾಣಿಕೆಯನ್ನು ಪೌಲನು ತಾನೊಬ್ಬನೇ ಹೊತ್ತು ಹೋಗಲಿಲ್ಲ; ತನ್ನ ಜೊತೆಕೆಲಸದವನಾದ ತೀತನ ಜೊತೆಗೆ ಇನ್ನಿಬ್ಬರನ್ನು ಕಳುಹಿಸುತ್ತಾನೆ, ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿ ನಡೆದುಕೊಳ್ಳಬೇಕೆಂಬುದು ಅವನ ಕಾಳಜಿ. ಶಕ್ತಿಮೀರಿ ಕೊಟ್ಟವರ ಹಣಕ್ಕೇ ಇಷ್ಟೊಂದು ಲೆಕ್ಕದ ಎಚ್ಚರ ಬೇಕಾಗಿತ್ತು ಎಂಬುದನ್ನು ಗಮನಿಸಿ.

ಇನ್ನೂ ಒಂದು ಸಂಗತಿಯಿದೆ. ಆ ಹಣ ಹರಿದ ದಿಕ್ಕು ಯಾವುದು? ಸುವಾರ್ತೆ ಯೆರೂಸಲೇಮಿನಿಂದ ಅನ್ಯಜನರ ಕಡೆಗೆ ಹೋಯಿತು. ಕಾಣಿಕೆ ಅನ್ಯಜನರ ಸಭೆಗಳಿಂದ ಯೆರೂಸಲೇಮಿನ ಬಡವರ ಕಡೆಗೆ ಬಂತು. ರೋಮಾಪುರದವರಿಗೆ ಬರೆದ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಪೌಲನು ಇದನ್ನು ಬಿಡಿಸಿ ಹೇಳುತ್ತಾನೆ. ಹೊಸ ಊರಿಗೆ ಹೋದಾಗ ಅವನು ಹಣ ಹಂಚಿ ಕೇಳುಗರನ್ನು ಕೂಡಿಸಿದ ಪ್ರಸಂಗ ಒಂದೂ ಇಲ್ಲ. ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಇಳಿದುಕೊಂಡು ಗುಡಾರದ ಕೆಲಸ ಮಾಡಿದನು. ಥೆಸಲೋನಿಕದಲ್ಲಿ ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದನು. ಅವನ ತ್ಯಾಗವೆಲ್ಲ ಅಲ್ಲಿ ವೆಚ್ಚವಾಗಿದೆ. ಕೇಳುವವರಿಗೆ ಸುವಾರ್ತೆ ಬಿಟ್ಟಿಯಾಗಿ ಸಿಗಬೇಕೆಂದು ಹೇಳುವವನು ತನ್ನ ಬೆವರನ್ನು ತೆತ್ತಿದ್ದಾನೆ.

ನಾನು ಕೆಲವು ವರ್ಷ ಹೊರದೇಶದ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಭೇಟಿಗೆ ಬರುವ ತಂಡಗಳನ್ನು ಹಳ್ಳಿಗಳಿಗೆ ಕರೆದೊಯ್ಯುವ ಹೊಣೆಯೂ ನನ್ನ ಮೇಲಿತ್ತು. ಒಂದು ಮನೆಯಲ್ಲಿ ಮನೆಯೊಡತಿ ಕತ್ತಲಿರುವಾಗಲೇ ಎದ್ದು, ಅತಿಥಿಗಳು ಒಬ್ಬೊಬ್ಬರಿಗೂ ಒಂದೊಂದು ಹಂಡೆ ಸ್ನಾನದ ನೀರು ಕಾಯಿಸುತ್ತಿದ್ದರು. ನಮ್ಮವರು ಅರ್ಧ ಮಿಂದು ಅರ್ಧ ಚೆಲ್ಲಿ ಬರುತ್ತಿದ್ದರು. ತಂಡದ ಒಬ್ಬ ಯುವಕ ಆ ಸೌದೆ ಎಲ್ಲಿಂದ ಬರುತ್ತದೆ ಎಂದು ದುಭಾಷಿಯನ್ನು ಕೇಳಿದಾಗ, ಅದು ಕಣಿವೆಯಾಚೆಯ ಕಾಡಿನಿಂದ ಆ ತಾಯಿಯೇ ಹೊತ್ತು ತರುವ ಸೌದೆ ಎಂದೂ, ಚಳಿಗಾಲಕ್ಕೆಂದು ಕೂಡಿಟ್ಟ ರಾಶಿ ಕರಗುತ್ತಿದೆ ಎಂದೂ ತಿಳಿಯಿತು. ಅವನು ಆಕೆಗೆ ದುಡ್ಡು ಕೊಡಲು ಹೋಗಲಿಲ್ಲ. ಮಾರನೆಯ ದಿನ ನಡು ಮಧ್ಯಾಹ್ನ ಹಗ್ಗ ಹಿಡಿದು ಆಕೆಯ ಹಿಂದೆಯೇ ಕಣಿವೆ ಇಳಿದ. ಬರುವಾಗ ಅವನ ಬೆನ್ನಿನ ಹೊರೆ ಆಕೆಯದರ ಅರ್ಧವೂ ಇರಲಿಲ್ಲ. ಹಗ್ಗ ಕಟ್ಟುವುದನ್ನೂ ಆಕೆಯೇ ಹೇಳಿಕೊಡಬೇಕಾಯಿತು. ಊರಿನ ಹೆಂಗಸರು ಬಾಗಿಲಿಗೆ ಬಂದು ನಕ್ಕರು. ಆ ಸಂಜೆ ಆ ತಾಯಿಯೇ ಒಲೆಯ ಪಕ್ಕ ಕೂತು ದುಭಾಷಿಯ ಮೂಲಕ ಅವನನ್ನು ಕೇಳಿದರು: ಇಷ್ಟು ದೂರ ಯಾಕೆ ಬಂದೆಯಪ್ಪ, ನಿನ್ನ ತಾಯಿ ಸುಮ್ಮನೆ ಬಿಟ್ಟಳೇ? ಅವನು ತನ್ನ ನಂಬಿಕೆಯ ವಿಷಯ ಹೇಳಿದ್ದು ಆಗ, ಕೇಳಿದವರಿಗೆ.

ನಿಮ್ಮ ಹಣದ ವಿಷಯದಲ್ಲಿ ನನ್ನ ಸಲಹೆ ನೇರವಾಗಿದೆ. ಹೊರಡುವುದಕ್ಕೆ ಮುಂಚೆಯೇ ಅದನ್ನು ನಿಮ್ಮ ಸಭೆಯ ಖಜಾಂಚಿಯ ಮೂಲಕ, ರಸೀದಿ ಸಹಿತ, ಅಲ್ಲಿನ ಸಭೆಯ ಸಹಾಯನಿಧಿಗೆ ಕಳುಹಿಸಿ. ಯಾರಿಗೆ ಎಷ್ಟು ಎಂಬುದನ್ನು ಅಲ್ಲಿನ ಹಿರಿಯರು ನಿರ್ಧರಿಸಲಿ. ನಿಮ್ಮ ಹೆಸರು ಹೊರಗೆ ಬಾರದಿರಲಿ. ಕೊಟ್ಟವರ ಮುಖ ನೋಡುವ ಹಂಗು ಪಡೆದವರಿಗೆ ಉಳಿಯುವುದಿಲ್ಲ. ಪಡೆದವರ ಮುಖದ ಸಂತೋಷ ನಿಮಗೂ ಕಾಣಸಿಗುವುದಿಲ್ಲ. ನೀವು ಕೊಡುವುದರಲ್ಲಿ ಅದೂ ಸೇರಿದೆ ಎಂದುಕೊಳ್ಳಿ.

ಉತ್ತರ: ಚರಿತ್ರೆಯ ಓದುಗ

ಮೇಲಿನ ಉತ್ತರಕ್ಕೆ ಪೂರಕವಾಗಿ ಚರಿತ್ರೆಯಿಂದ ಎರಡು ಉದಾಹರಣೆಗಳನ್ನು ಹೇಳಬಯಸುತ್ತೇನೆ. ಮೊದಲನೆಯದು ನಮ್ಮ ಮಿಷನ್ ಸಮ್ಮೇಳನಗಳಲ್ಲಿ ಸದಾ ತಪ್ಪಾಗಿ ಹೇಳಲ್ಪಡುವ ಕಥೆ.

1732ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಹೆರ್ನ್‌ಹೂಟ್ ಎಂಬ ಊರಿನ ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಸಮುದಾಯದಿಂದ ಲಿಯೊನಾರ್ಡ್ ಡೋಬರ್ ಮತ್ತು ಡೇವಿಡ್ ನಿಚ್‌ಮನ್ ಎಂಬ ಇಬ್ಬರು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟರು. ಆ ದ್ವೀಪ ಆಗ ಡೆನ್ಮಾರ್ಕಿನವರ ವಶದಲ್ಲಿತ್ತು. ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರು ದುಡಿಯುತ್ತಿದ್ದರು. ಇವರಿಬ್ಬರೂ ತಮ್ಮನ್ನೇ ಗುಲಾಮರಾಗಿ ಮಾರಿಕೊಂಡರು ಎಂಬ ಮಾತು ವೇದಿಕೆಗಳಲ್ಲಿ ಕಣ್ಣೀರು ತರಿಸುತ್ತದೆ. ಆದರೆ ಹಾಗೆ ನಡೆಯಲಿಲ್ಲ. ಅಗತ್ಯ ಬಿದ್ದರೆ ಗುಲಾಮರಾಗುವುದಕ್ಕೂ ಅವರು ಸಿದ್ಧರಿದ್ದದ್ದು ನಿಜ, ಆದರೆ ಬಿಳಿಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವ ವ್ಯವಸ್ಥೆಯೇ ಅಲ್ಲಿರಲಿಲ್ಲ. ಬಡಗಿಯಾಗಿದ್ದ ನಿಚ್‌ಮನ್ ಮರಗೆಲಸ ಮಾಡಿ ಇಬ್ಬರ ಹೊಟ್ಟೆಯನ್ನೂ ಹೊರೆದರು. ಕುಂಬಾರರಾಗಿದ್ದ ಡೋಬರ್‌ಗೆ ತನ್ನ ಕಸುಬು ಅಲ್ಲಿ ಕೈಹಿಡಿಯಲಿಲ್ಲ. ಸಂಗಾತಿ ಮರಳಿದ ಬಳಿಕ ಅವರಿಗೆ ಗವರ್ನರ್ ಮನೆಯ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಊಟ, ಉಡುಪು, ಗೌರವ ಎಲ್ಲ ದೊರೆತವು. ಆದರೆ ಆ ಸ್ಥಾನವೇ ತನ್ನನ್ನು ಗುಲಾಮರಿಂದ ದೂರ ಮಾಡುತ್ತಿದೆ ಎಂದು ಕಂಡು ಅದನ್ನು ಬಿಟ್ಟು, ಕಾವಲು ಕೆಲಸ ಹಿಡಿದು ಬಡವನಂತೆ ಬದುಕಿದರು. ಮಾರಾಟದ ಕಥೆಗಿಂತ ಈ ನಿಜ ಸಂಗತಿ ನನಗೆ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಒಂದು ಕ್ಷಣದ ಆವೇಶದಲ್ಲಿ ಆಗುವ ತ್ಯಾಗಕ್ಕಿಂತ ಕೈಗೆ ಬಂದ ಅನುಕೂಲವನ್ನು ಸದ್ದಿಲ್ಲದೆ ಬಿಡುವುದು ಕಷ್ಟ. ಈ ಕಥೆಗೆ ಮುಜುಗರದ ಇನ್ನೊಂದು ಮುಖವೂ ಇದೆ. ಮುಂದೆ ಅದೇ ಮೊರಾವಿಯನ್ ಮಿಷನ್ ಆ ದ್ವೀಪದಲ್ಲಿ ತೋಟವನ್ನು ಕೊಂಡಿತು, ತೋಟದ ಜೊತೆಗೆ ಗುಲಾಮರನ್ನೂ ಇಟ್ಟುಕೊಂಡಿತು. ಮೊದಲು ಹೋದವರ ತ್ಯಾಗ ಎಷ್ಟೇ ಶುದ್ಧವಾಗಿದ್ದರೂ ಹಿಂದೆ ಬಂದವರು ಮಾಡಿದ್ದಕ್ಕೆ ಅದು ಜಾಮೀನಾಗಲಿಲ್ಲ.

ಎರಡನೆಯ ಉದಾಹರಣೆ ನಿಮ್ಮ ಎರಡು ವಾರಗಳಿಗೆ ಇನ್ನೂ ಹತ್ತಿರವಾದದ್ದು. ಜಾನ್ ನೀವಿಯಸ್ ಎಂಬ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನರಿ ಚೀನಾದ ಶಾಂಡಾಂಗ್ ಪ್ರಾಂತದಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ಹೊಸದಾಗಿ ನಂಬಿದವರಿಗೆ ಮಿಷನ್ನಿನಿಂದ ಸಂಬಳ ಕೊಟ್ಟು ಬೋಧಕರನ್ನಾಗಿ ನೇಮಿಸುವುದು ಆ ಕಾಲದ ವಾಡಿಕೆ. ಇದರಿಂದಾಗಿ ಅಕ್ಕಿಗಾಗಿ ಕ್ರೈಸ್ತರಾದವರು ಎಂಬ ಹೀಯಾಳಿಕೆಯೂ ಚೀನಾದಲ್ಲಿ ಹುಟ್ಟಿಕೊಂಡಿತ್ತು. ಸಂಬಳ ನಿಂತ ದಿನ ಭಕ್ತಿಯೂ ನಿಲ್ಲುತ್ತದೆ, ಸಂಬಳವಿಲ್ಲದೆ ಸಾಕ್ಷಿ ಹೇಳುತ್ತಿದ್ದ ನೆರೆಯವನೂ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂಬುದನ್ನು ನೀವಿಯಸ್ ಗಮನಿಸಿದರು. 1890ರಲ್ಲಿ ಅವರು ಕೊರಿಯಾದ ಸೋಲ್ ನಗರಕ್ಕೆ ಬಂದು ಅಲ್ಲಿನ ಯುವ ಮಿಷನರಿಗಳೊಂದಿಗೆ ಸುಮಾರು ಎರಡು ವಾರ ಕಳೆದರು. ನಂಬಿದವನು ತನ್ನ ಕಸುಬಿನಲ್ಲಿಯೇ ಉಳಿದು ನೆರೆಯವರಿಗೆ ಸಾಕ್ಷಿಯಾಗಲಿ, ಸ್ಥಳೀಯರಿಗೆ ನಡೆಸಿಕೊಂಡು ಹೋಗಲು ಸಾಧ್ಯವಿರುವಷ್ಟೇ ವ್ಯವಸ್ಥೆಯನ್ನು ಕಟ್ಟಿ, ಆಲಯವನ್ನು ಅವರೇ ತಮ್ಮ ಹಣದಲ್ಲಿ ತಮ್ಮ ರೀತಿಯಲ್ಲಿ ಕಟ್ಟಿಕೊಳ್ಳಲಿ ಎಂಬುದು ಅವರ ಸಲಹೆಯ ಸಾರ. ಕೊರಿಯಾದ ಪ್ರೆಸ್ಬಿಟೇರಿಯನ್ ಮಿಷನ್ ಅದನ್ನೇ ತನ್ನ ಪದ್ಧತಿಯಾಗಿ ಸ್ವೀಕರಿಸಿತು. ಕೊರಿಯಾದ ಸಭೆಯ ಬೆಳವಣಿಗೆಗೆ ಇನ್ನೂ ಅನೇಕ ಕಾರಣಗಳಿವೆ, ಎಲ್ಲವನ್ನೂ ಈ ಒಂದು ಭೇಟಿಯ ಲೆಕ್ಕಕ್ಕೆ ಬರೆಯಬಾರದು. ಆದರೂ ಹಣದ ಗಂಟು ಬಿಚ್ಚದ ಎರಡು ವಾರಗಳ ಪ್ರವಾಸವೂ ಫಲ ಕೊಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ನೀವಿಯಸ್ ಕಠಿಣ ಮನಸ್ಸಿನವರು ಎಂದು ಯಾರೂ ಭಾವಿಸಬಾರದು. ಶಾಂಡಾಂಗ್‌ನಲ್ಲಿ 1877ರ ಭೀಕರ ಬರಗಾಲ ಬಂದಾಗ ಅವರೇ ಹಳ್ಳಿಗಳಲ್ಲಿ ಕೂತು ಪರಿಹಾರ ಹಂಚಿದ್ದರು. ಹಸಿದವನಿಗೆ ಕೊಡುವುದು ಬೇರೆ, ನಂಬಿದ್ದಕ್ಕಾಗಿ ಕೊಡುವುದು ಬೇರೆ.

ಉತ್ತರ: ನೇರನುಡಿ

ಇಷ್ಟೆಲ್ಲ ಎಚ್ಚರಿಕೆ ಬೇಕಾಗುವ ಕೆಲಸವನ್ನು ಮಾಡಲೇಬೇಕೆ ಎಂದು ಕೇಳುವವನು ನಾನು. 1968ರಲ್ಲಿ ಕ್ಯಾಥೊಲಿಕ್ ಪಾದ್ರಿ ಇವಾನ್ ಇಲಿಚ್, ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆಂದು ಬರುತ್ತಿದ್ದ ಅಮೆರಿಕದ ಯುವಜನರ ಸಭೆಯಲ್ಲಿಯೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ನಮ್ಮ ಬೆಟ್ಟಗಳನ್ನು ಹತ್ತಲು ಬನ್ನಿ, ಆದರೆ ಉದ್ಧಾರ ಮಾಡಲು ಬರಬೇಡಿ ಎಂಬ ಅರ್ಥದಲ್ಲಿ ಮಾತನಾಡಿದರು. ಭಾಷೆ ಬಾರದ, ನೆಲ ತಿಳಿಯದ, ಸುಣ್ಣ ಬಳಿಯುವುದನ್ನೂ ಸರಿಯಾಗಿ ಕಲಿಯದ ತಂಡ ಬಂದು ಶಾಲೆಯ ಗೋಡೆಯನ್ನು ದುರಸ್ತಿ ಮಾಡುವುದರಿಂದ ಆ ಊರಿನ ಗಾರೆಯವನ ಕೂಲಿ ತಪ್ಪುತ್ತದೆ. ಟಿಕೆಟಿನ ಹಣದ ಪ್ರಶ್ನೆಯನ್ನು ನಿಮ್ಮ ತಂಡದ ಆ ಸದಸ್ಯರು ಎತ್ತಿದ್ದು ಸರಿಯಾಗಿಯೇ ಇದೆ. ಅದನ್ನು ನಕ್ಕು ತಳ್ಳಿಹಾಕಬೇಡಿ.

ಉತ್ತರ: ಹಳೆಯ ಹಾದಿ

ಗಾರೆಯವನ ಕೂಲಿಯ ಮಾತು ಒಪ್ಪತಕ್ಕದ್ದು. ಎಣ್ಣೆದೀಪ ಅವರ ತಂಡ ಅಲ್ಲಿನ ಗಾರೆಯವರನ್ನು ಕೂಲಿ ಕೊಟ್ಟು ಮೇಸ್ತ್ರಿಯಾಗಿ ನೇಮಿಸಿ, ತಾವು ಅವರ ಕೈಕೆಳಗೆ ಮಣ್ಣು ಹೊರಲಿ. ಆದರೆ ಬರೀ ಹಣ ಕಳುಹಿಸಿದರೆ ಸಾಲದು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಕರೆದಿರುವುದು ಆ ಸಭೆ. ಸುತ್ತಲೂ ತಮ್ಮ ನಂಬಿಕೆಯವರು ಯಾರೂ ಇಲ್ಲದ ಕಡೆ ಹತ್ತಾರು ಜನ ಮಾತ್ರ ಕೂಡುವ ಸಭೆಗೆ, ದೂರದಿಂದ ಯಾರೋ ಬಂದು ತಮ್ಮ ಜೊತೆ ಕೂತು ರೊಟ್ಟಿ ಮುರಿದರು ಎಂಬುದು ಬ್ಯಾಂಕಿನ ಮೂಲಕ ಹೋಗುವ ಸಂಗತಿಯಲ್ಲ. ಸಾರೆಪ್ತಾದ ವಿಧವೆಯ ಬಳಿ ಎಲೀಯನು ಹೋದದ್ದು ಕೊಡುವುದಕ್ಕಲ್ಲ, ಕೊನೆಯ ಹಿಡಿ ಹಿಟ್ಟಿನಲ್ಲಿ ಪಾಲು ಕೇಳುವುದಕ್ಕೆ. ಪರದೇಶದ ಹೆಂಗಸಿನ ಅಡುಗೆಮನೆಯಲ್ಲಿ ಬೇಡುವವನಾಗಿ ನಿಂತ ಪ್ರವಾದಿ ಅವನು. ಕರ್ತನು ಎಪ್ಪತ್ತು ಮಂದಿಯನ್ನು ಕಳುಹಿಸಿದಾಗಲೂ ಹಣದ ಚೀಲ ಬೇಡ, ಇಟ್ಟದ್ದನ್ನು ಊಟ ಮಾಡಿ ಎಂದೇ ಹೇಳಿದನು. ತೆಗೆದುಕೊಳ್ಳುವುದನ್ನು ಕಲಿಯದವನು ಅಲ್ಲಿ ಹೋಗಿ ಕೊಡುವುದೂ ಸುಲಭವಲ್ಲ.

ಉತ್ತರ: ಹೊಸ್ತಿಲು

ನಾನು ಇಲ್ಲಿ ಬರೆಯುತ್ತಿರುವುದು ಪಡೆದವರ ಕಡೆಯಿಂದ. ನಾನು ಬೆಳೆದ ಸಭೆಗೆ ಹೊರದೇಶದ ತಂಡಗಳು ಬರುತ್ತಿದ್ದವು. ಒಳ್ಳೆಯವರು; ಅವರಲ್ಲಿ ಕೆಲವರ ಪ್ರಾರ್ಥನೆ ನನಗೆ ಇಂದಿಗೂ ನೆನಪಿದೆ.

ಒಮ್ಮೆ ಒಬ್ಬ ಅತಿಥಿ ಹೊರಡುವ ದಿನ ನಮ್ಮ ಸಭೆಯ ಒಬ್ಬ ಹಿರಿಯರನ್ನು ಆಲಯದ ಹಿಂಬದಿಗೆ ಕರೆದು, ಕಷ್ಟದಲ್ಲಿರುವ ಯಾವುದಾದರೂ ಕುಟುಂಬಕ್ಕೆ ಕೊಡಿ ಎಂದು ಒಂದು ಲಕೋಟೆಯನ್ನು ಅವರ ಕೈಗಿಟ್ಟರು. ಅವರ ಮನಸ್ಸು ನಿರ್ಮಲವಾಗಿತ್ತು, ಎಡಗೈಗೆ ತಿಳಿಯದಂತೆ ಕೊಡಬೇಕೆಂಬುದೇ ಅವರ ಉದ್ದೇಶ. ಆ ಹಿರಿಯರು ಅದೇ ವಾರ ಆ ಹಣವನ್ನು ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಗೆ ಪೂರ್ತಿಯಾಗಿ ತಲುಪಿಸಿದರು. ಆದರೆ ಲಕೋಟೆ ಕೈಬದಲಾದದ್ದನ್ನು ನೀರಿನ ತೊಟ್ಟಿಯ ಬಳಿ ನಿಂತಿದ್ದವರು ಕಂಡಿದ್ದರು. ಒಳಗೆ ಎಷ್ಟಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಬಾಯಿಂದ ಬಾಯಿಗೆ ಮೊತ್ತ ಬೆಳೆಯುತ್ತಲೇ ಹೋಯಿತು. ಮುಂದಿನ ಬೇಸಿಗೆಯಲ್ಲಿ ಆ ಹಿರಿಯರು ತಮ್ಮ ಮನೆಯ ಹೆಂಚು ಬದಲಿಸಿದಾಗ, ಆ ಹೆಂಚಿಗೆ ಅವರು ಮಾಡಿದ ಸಾಲವನ್ನು ಯಾರೂ ನಂಬಲಿಲ್ಲ. ಕಾಣಿಕೆ ಎಣಿಸುವ ಮೇಜಿನ ಬಳಿ ಅವರು ಬಂದು ಕೂತರೆ ಉಳಿದವರು ಮೌನವಾಗುತ್ತಿದ್ದರು. ಕಡೆಗೆ ಅವರೇ ಆ ಜವಾಬ್ದಾರಿಯಿಂದ ಹಿಂದೆ ಸರಿದರು. ಲಕೋಟೆ ಕೊಟ್ಟ ಅತಿಥಿಗೆ ಇದಾವುದೂ ತಿಳಿಯಲಿಲ್ಲ. ಅವರ ಕ್ರಿಸ್ಮಸ್ ಕಾರ್ಡು ಮಾತ್ರ ವರ್ಷವರ್ಷವೂ ಬರುತ್ತಿತ್ತು.

ಆದ್ದರಿಂದ ನಿಮ್ಮ ಪಾಸ್ಟರ್ ಅವರ ಮೊದಲ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎರಡನೆಯ ಮಾತಿನ ಬಗ್ಗೆಯೂ ಒಂದು ಸಂಗತಿ ಹೇಳುತ್ತೇನೆ. ಕೂಟ ಮುಗಿದ ಮೇಲೆ ಕಂಬಳಿ ಹಂಚುತ್ತಾರೆ ಎಂದು ಗೊತ್ತಾದ ದಿನ ನಮ್ಮ ಆಲಯ ತುಂಬಿರುತ್ತಿತ್ತು, ಕೈ ಎತ್ತಿ ಎಂದಾಗ ಎಲ್ಲರೂ ಕೈ ಎತ್ತುತ್ತಿದ್ದರು. ತಂಡದವರು ಫೋಟೊ ತೆಗೆದುಕೊಂಡು ಎಣಿಸಿಕೊಂಡು ಹೋಗುತ್ತಿದ್ದರು. ಕೈ ಎತ್ತಿದವರನ್ನು ನಾನು ದೂರುವುದಿಲ್ಲ: ಚಳಿಯಲ್ಲಿ ಕಂಬಳಿ ಕೊಡುವವನು ಏನು ಕೇಳಿದರೂ ಹೌದು ಎನ್ನುವುದು ಮರ್ಯಾದೆ. ಆದರೆ ಮುಂದಿನ ಭಾನುವಾರ ನಿಜವಾಗಿ ಅರಸಿ ಬಂದ ಒಬ್ಬಿಬ್ಬರಿಗೂ ಊರವರು ನಿನಗೇನು ಸಿಕ್ಕಿತು ಎಂದು ಕೇಳುತ್ತಿದ್ದರು. ಕಂಬಳಿಯ ನೆರಳು ಬಿದ್ದದ್ದು ಅವರ ಮೇಲೆ.

ಉತ್ತರ: ಗಡಿರೇಖೆ

ಕಾನೂನಿನ ವಿಷಯವನ್ನು ಯಾರೂ ಎತ್ತದ ಕಾರಣ ಚಿಕ್ಕದಾಗಿ ಬರೆಯುತ್ತೇನೆ. ನೀವು ಹೋಗುವ ದೇಶವನ್ನು ಹೆಸರಿಸಿಲ್ಲ, ಹೆಸರಿಸುವುದೂ ಬೇಡ. ಆದರೆ ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಬೋಧನೆ ಮಾಡುವುದನ್ನು ಅನೇಕ ದೇಶಗಳು ಒಪ್ಪುವುದಿಲ್ಲ. ಉದಾಹರಣೆಗೆ ನೇಪಾಳದ 2015ರ ಸಂವಿಧಾನದ 26ನೆಯ ವಿಧಿ ಮತ್ತೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಲ್ಲಿನ ದಂಡಸಂಹಿತೆ ಅದಕ್ಕೆ 5 ವರ್ಷಗಳವರೆಗಿನ ಸೆರೆವಾಸ ಮತ್ತು 50,000 ನೇಪಾಳಿ ರೂಪಾಯಿಗಳವರೆಗಿನ ದಂಡವನ್ನು ವಿಧಿಸುತ್ತದೆ, ತಪ್ಪಿತಸ್ಥರು ವಿದೇಶಿಯರಾಗಿದ್ದರೆ ಶಿಕ್ಷೆ ಮುಗಿದ 7 ದಿನಗಳೊಳಗೆ ದೇಶದಿಂದ ಹೊರಗೆ ಕಳುಹಿಸುತ್ತದೆ. ವಿದೇಶಿಯರನ್ನು ವಿಮಾನ ಹತ್ತಿಸಿದರೆ ಅವರ ತೊಂದರೆ ಮುಗಿಯುತ್ತದೆ. ಮನೆಗೆ ಕರೆದವರು, ದುಭಾಷಿ, ಪಾಸ್ಟರ್ ಇವರ ತೊಂದರೆ ಆಗ ಆರಂಭವಾಗುತ್ತದೆ. ತಾನು ಧೈರ್ಯಶಾಲಿ ಎಂದುಕೊಳ್ಳುವ ಅತಿಥಿಯ ಧೈರ್ಯಕ್ಕೆ ಬೆಲೆ ತೆರುವವರು ಇವರೇ. ಎಲ್ಲಿ ಮಾತನಾಡಬಹುದು, ಎಲ್ಲಿ ಬಾರದು ಎಂಬುದನ್ನು ಹೋಗುವ ಮೊದಲೇ ಅವರಿಂದ ಕೇಳಿ ತಿಳಿದು, ಹಾಗೆಯೇ ನಡೆಯಿರಿ.

ಕಾನೂನು ಅಡ್ಡಿ ಮಾಡದ ದೇಶಗಳಲ್ಲಿಯೂ ಸಭೆಗಳು ತಾವಾಗಿಯೇ ಗೆರೆ ಎಳೆದುಕೊಂಡಿವೆ. ವಿಪತ್ತು ಪರಿಹಾರಕ್ಕಾಗಿ ರೆಡ್ ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಹೊರತಂದ ನೀತಿಸಂಹಿತೆಯ ಮೂರನೆಯ ಅಂಶ, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಬೆಳೆಸಲು ಬಳಸಬಾರದು ಎನ್ನುತ್ತದೆ. ಅದರ ಪ್ರಾಯೋಜಕರಲ್ಲಿ ಸಭೆಗಳ ಜಾಗತಿಕ ಮಂಡಳಿ, ಕ್ಯಾಥೊಲಿಕ್ ನೆರವು ಸಂಸ್ಥೆಗಳ ಒಕ್ಕೂಟವಾದ ಕ್ಯಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಷನ್ ಸಹ ಇದ್ದವು. 2011ರಲ್ಲಿ ಸಭೆಗಳ ಜಾಗತಿಕ ಮಂಡಳಿ, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ವಿಭಾಗ ಮತ್ತು ವಿಶ್ವ ಇವ್ಯಾಂಜೆಲಿಕಲ್ ಮೈತ್ರಿಕೂಟ ಈ ಮೂರೂ ಸೇರಿ ಸಾಕ್ಷಿಯ ನಡವಳಿಕೆಯ ಬಗ್ಗೆ ಒಂದು ಜಂಟಿ ಹೇಳಿಕೆಯನ್ನು ಕೊಟ್ಟವು. ಎಷ್ಟೋ ವಿಷಯಗಳಲ್ಲಿ ಒಂದೇ ಮೇಜಿಗೆ ಬಾರದ ಈ ಮೂವರು, ಬಡತನವನ್ನು ಬಳಸಿಕೊಂಡು ಆಮಿಷ ಒಡ್ಡುವುದು ಸಾಕ್ಷಿಯಲ್ಲ ಎಂಬಲ್ಲಿ ಒಮ್ಮತಕ್ಕೆ ಬಂದರು. ಸಾಕ್ಷಿ ಹೇಳುವುದು ಪ್ರತಿಯೊಬ್ಬ ಕ್ರೈಸ್ತನಿಗೂ ಅತ್ಯಗತ್ಯ ಎಂಬುದನ್ನೂ ಅದೇ ಹೇಳಿಕೆಯಲ್ಲಿ ಅವರು ಬಿಟ್ಟುಕೊಟ್ಟಿಲ್ಲ.

ಪ್ರಶ್ನೆ ಕೇಳಿದವರು: ಎಣ್ಣೆದೀಪ

ಎಲ್ಲರಿಗೂ ಕೃತಜ್ಞತೆಗಳು. ಹಣವನ್ನು ಮುಂಚೆಯೇ ಸಭೆಯ ಮೂಲಕ ಕಳುಹಿಸುವ ಮಾತನ್ನು ನಮ್ಮ ನಾಯಕರೂ ಒಪ್ಪಿದ್ದಾರೆ, ಗಾರೆಯವರ ಕೂಲಿಯ ಬಗ್ಗೆ ಅಲ್ಲಿಗೆ ಪತ್ರ ಬರೆಯುತ್ತಿದ್ದಾರೆ. ಆದರೂ ಒಂದು ಪ್ರಶ್ನೆ ಉಳಿದಿದೆ. ಕೊಡುವಾಗ ಕ್ರಿಸ್ತನ ಹೆಸರೆತ್ತಬಾರದು ಎಂದರೆ, ನಾವು ಯಾರ ಪ್ರೀತಿಯಿಂದ ಕೊಡುತ್ತಿದ್ದೇವೋ ಆತನನ್ನೇ ಮುಚ್ಚಿಟ್ಟಂತಾಗುವುದಿಲ್ಲವೇ? ಮತ್ತು ಪಡೆದವರೇ ಬಂದು, ಯಾಕೆ ಕೊಟ್ಟಿರಿ ಎಂದು ಕೇಳಿದರೆ ಏನು ಹೇಳಲಿ?

ಉತ್ತರ: ಹೊಸ್ತಿಲು

ಮುಚ್ಚಿಡಿ ಎಂದು ಯಾರೂ ಹೇಳುತ್ತಿಲ್ಲ. ಕರ್ತನು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಮರಳಿ ಬಂದು ಕಾಲಿಗೆ ಬಿದ್ದವನು ಒಬ್ಬ ಸಮಾರ್ಯದವನು ಮಾತ್ರ. ಉಳಿದವರು ಎಲ್ಲಿ ಎಂದು ಕರ್ತನು ಕೇಳಿದನು. ಆದರೆ ಆ ಒಂಬತ್ತು ಮಂದಿಯಿಂದ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ. ನಿಮ್ಮ ಹಣ ಯಾರಿಗೆ ತಲುಪುತ್ತದೋ ಅವರು ನಿಮ್ಮ ಕೂಟಕ್ಕೆ ಒಂದು ದಿನವೂ ಬಾರದೆ, ಬೇರೆಯ ದೇವರಿಗೆ ದೀಪ ಹಚ್ಚಿ ಕೃತಜ್ಞತೆ ಹೇಳಿದರೂ, ಅದೇ ಹಣವನ್ನು ಅದೇ ಮನಸ್ಸಿನಿಂದ ಕೊಡುತ್ತಿದ್ದಿರಾ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಹೌದು ಎನ್ನುವುದಾದರೆ, ಯಾರಾದರೂ ಕೇಳಿದಾಗ ಕ್ರಿಸ್ತನ ಹೆಸರು ಹೇಳಲು ನೀವು ಹಿಂಜರಿಯಬೇಕಾಗಿಲ್ಲ.

ಪ್ರವಾದಿ ಎಲೀಷನ ಕಥೆಯನ್ನೂ ನೋಡಿ. ಸಿರಿಯಾದ ಸೇನಾಪತಿ ನಾಮಾನನು ಕುಷ್ಠದಿಂದ ಗುಣವಾಗಿ ಬಂದು ಉಡುಗೊರೆ ಕೊಡಲು ಬಂದಾಗ ಎಲೀಷನು ಏನನ್ನೂ ತೆಗೆದುಕೊಳ್ಳಲಿಲ್ಲ. ಹಿಂದೆ ಓಡಿಹೋಗಿ ಎರಡು ತಲಾಂತು ಬೆಳ್ಳಿಯನ್ನೂ ಎರಡು ಜೊತೆ ಬಟ್ಟೆಯನ್ನೂ ಪಡೆದವನು ಎಲೀಷನ ಸೇವಕ ಗೇಹಜಿ. ನಮ್ಮ ಕಾಲದಲ್ಲಿ ಪ್ರವಾಸದಿಂದ ಮರಳಿ ಬಂದು ಪರದೆಯ ಮೇಲೆ ತೋರಿಸುವ ಫೋಟೊ, ಎಷ್ಟು ಮಂದಿ ಕೈ ಎತ್ತಿದರು ಎಂಬ ವರದಿ, ಇವೇ ಆ ಬೆಳ್ಳಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೊಡುವಾಗಿನ ಫೋಟೊ ಒಂದೂ ಬೇಡ.

ಉತ್ತರ: ಹಳೆಯ ಹಾದಿ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಅದು ಕಾರ್ಯರೂಪದ ವಿಷಯವಾದ್ದರಿಂದ. ಯಾಕೆ ಬಂದಿರಿ, ಯಾಕೆ ಕೊಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ. ಆಗ ಪ್ರಸಂಗ ಮಾಡಬೇಡಿ. ನಾಲ್ಕೈದು ವಾಕ್ಯಗಳಲ್ಲಿ ನಿಮ್ಮ ಸ್ವಂತ ಮಾತನ್ನು ಹೇಳಿ: ನನಗೆ ನಾನು ಗಳಿಸದಿದ್ದದ್ದು ಸಿಕ್ಕಿತು, ಕೊಟ್ಟವನು ಯೇಸು, ಆದ್ದರಿಂದ ಕೊಡುತ್ತೇನೆ, ನೀವು ನನಗೆ ಏನೂ ಬಾಕಿಯಿಲ್ಲ. ಆ ಕೊನೆಯ ಮಾತನ್ನು ಬಿಡಬೇಡಿ. ಅವರು ಮುಂದೆ ಕೇಳಿದರೆ ಮುಂದೆ ಹೇಳಿ. ವಿಷಯ ಬದಲಿಸಿ ತಮ್ಮ ಹಸುವಿನ ಕಾಯಿಲೆಯ ಬಗ್ಗೆ ಮಾತನಾಡಿದರೆ ನೀವೂ ಹಸುವಿನ ಬಗ್ಗೆ ಮಾತನಾಡಿ.

ದುಭಾಷಿಯ ವಿಷಯದಲ್ಲಿ ಮಾತ್ರ ಎಚ್ಚರವಾಗಿರಿ, ಏಕೆಂದರೆ ನೀವು ಹೇಳಿದ್ದಲ್ಲ, ಅವರು ಹೇಳಿದ್ದೇ ಆ ಮನೆಯಲ್ಲಿ ಉಳಿಯುತ್ತದೆ. ಅವರು ಬಹುಮಟ್ಟಿಗೆ ಅದೇ ಸಭೆಯ ಉತ್ಸಾಹಿ ಯುವಕರಾಗಿರುತ್ತಾರೆ. ನೀವು ನಾಲ್ಕು ವಾಕ್ಯ ಹೇಳಿದರೆ ಅವರು ಹದಿನಾಲ್ಕು ವಾಕ್ಯ ಹೇಳಿ, ಆಲಯಕ್ಕೆ ಬಂದರೆ ಇನ್ನೂ ಸಹಾಯ ಸಿಗುತ್ತದೆ ಎಂಬ ಅರ್ಥ ಬರುವಂತೆ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿಬಿಡಬಹುದು. ತಲುಪಿದ ಮೊದಲ ದಿನವೇ ದುಭಾಷಿಯ ಜೊತೆ ಪಾಸ್ಟರ್ ಅವರ ಸಮ್ಮುಖದಲ್ಲಿ ಕೂತು, ನೀವು ಹೇಳಲಿರುವ ಮಾತುಗಳನ್ನು ಬರೆದುಕೊಟ್ಟು, ಅವರು ಅದನ್ನು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಮೂರನೆಯವರೊಬ್ಬರಿಂದ ನಿಮಗೆ ತಿರುಗಿ ಹೇಳಿಸಿಕೊಳ್ಳಿ. ಬಾಕಿಯಿಲ್ಲ ಎಂಬ ಮಾತು ಆ ಸುತ್ತಿನಲ್ಲಿ ಉಳಿದು ಬಂದಿದೆಯೇ ನೋಡಿ. ಉಳಿದಿಲ್ಲವಾದರೆ, ಪಾಸ್ಟರ್ ಅವರನ್ನೇ ಕೇಳಿ ಬೇರೆ ದುಭಾಷಿಯನ್ನು ಗೊತ್ತುಮಾಡಿಕೊಳ್ಳಿ.